ಕೌದಳ್ಳಿ ಹೊಲದ ಗದ್ದುಗೆ

ಊರಲ್ಲಿ ಹೆಣಕ್ಕೆ ಗುಂಡಿ ತೋಡುವ ಪುಟ್ಟಸಿದ್ದಯ್ಯ ಗುದ್ದಲಿಯನ್ನು ಗುಂಡಿಯಿಂದ ಮೇಲಕ್ಕೆ ಎಸೆದ. ಇನ್ನು ಕೈಯಲ್ಲೇ ಮಣ್ಣು ಬಾಚಬೇಕು, ಗುದ್ದಲಿ ಹಾಕಿದರೆ ತಲೆಗೆ ತಗುಲುತ್ತದೆ ಎಂದ.

ಕೂರಿಸಿ ಮಣ್ಣು ಮಾಡಿದ ಹೆಣದಲ್ಲಿ ಮೊದಲು ಸಿಗುವುದು ತಲೆಯೇ.

ಗುಂಡಿಯ ಮೇಲೆ ನಿಂತವರಲ್ಲಿ ಹೊಲದ ಯಜಮಾನ ಶಾಂತಮೂರ್ತಿ ಟವಲಿನಿಂದ ಮೂಗು ಮುಚ್ಚಿಕೊಂಡಿದ್ದ. ಊರಿನ ಅಯ್ಯನವರು ರುದ್ರಸ್ವಾಮಿ ಗುಂಡಿಗೆ ಬೆನ್ನು ಕೊಟ್ಟು ಬೆಟ್ಟದ ಕಡೆ ನೋಡುತ್ತಿದ್ದರು. ಮೊನ್ನೆ ತಾನೇ ತಲೆಯ ಮೇಲೆ ಪಾದವಿಟ್ಟು ಒಳಗೆ ಕಳಿಸಿದ ದೇಹವನ್ನು ಮತ್ತೆ ಹೊರಗೆ ನೋಡುವ ಮನಸ್ಸು ಅವರಿಗಿರಲಿಲ್ಲ. ಗುಂಡಿ ತೆರೆಸಲು ಹನೂರಿನಿಂದ ಬಂದಿದ್ದ ಷಡಕ್ಷರಿ ಕೈಕಟ್ಟಿ ನಿಂತಿದ್ದ. ಅವನ ಹಿಂದೆ, ಕುರಿ ಕಾಯುವವರ ಹಾಗೆ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದುಕೊಂಡು, ಮುಖ ಕಾಣದ ಒಂದು ಆಕಾರ ನಿಂತಿತ್ತು.

ಅದು ಮನುಷ್ಯರ ಪೈಕಿ ಅಲ್ಲ. ಹಾಗೆಂದು ಗೊತ್ತಿದ್ದದ್ದು ಷಡಕ್ಷರಿಗೆ, ಮತ್ತೆ ಅವನ ಹೆಂಡತಿಗೆ. ಇಬ್ಬರಿಗೇ.

ಕೌದಳ್ಳಿ, ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಯ ಮೇಲಿನ ಊರು. ಡಾಂಬರು ಬೀಳುವ ಮುಂಚಿನಿಂದಲೂ ಹರಕೆ ಹೊತ್ತವರು, ಜಡೆ ಬಿಟ್ಟವರು, ಮೈತುಂಬ ವಿಭೂತಿ ಬಳಿದವರು ಆ ದಾರಿಯಲ್ಲಿ ಹಾದು ಹೋಗುತ್ತಲೇ ಇದ್ದಾರೆ. ಅಲ್ಲಿ ಯಾರೂ ಯಾರನ್ನೂ ನಿಲ್ಲಿಸಿ ನೀನು ಯಾರಪ್ಪ ಎಂದು ಕೇಳುವುದಿಲ್ಲ. ಸೋಮವಾರ ನಡೆದ ತಪ್ಪಿಗೆ ಆ ಅಭ್ಯಾಸವೇ ಕಾರಣ.

ಸೋಮವಾರ ಬೆಳಿಗ್ಗೆ ಶಾಂತಮೂರ್ತಿಯ ಹೆಂಡತಿ ಪುಟ್ಟಮಲ್ಲಮ್ಮ ರೇಷ್ಮೆ ಹುಳುವಿಗೆ ಸೊಪ್ಪು ತರಲು ಹೊಲಕ್ಕೆ ಹೋದಾಗ, ಕಾಡಂಚಿನ ಹುಣಸೆ ಮರದ ಕೆಳಗೆ ಯಾರೋ ಕಾಲು ಮಡಿಸಿ ಕೂತಿದ್ದರು. ನೆತ್ತಿಯಿಂದ ಹಿಮ್ಮಡಿಯವರೆಗೆ ಬೂದಿ ಬಣ್ಣ. ಕಣ್ಣು ಮುಚ್ಚಿತ್ತು. ಎಡ ಅಂಗೈಯಲ್ಲಿ, ಎದೆಗೆ ಹತ್ತಿರ, ನಿಂಬೆಹಣ್ಣಿನ ಗಾತ್ರದ ಕರಿಯ ಗುಂಡು. ಅವಳು ಗಂಡನನ್ನು ಕೂಗಿ ಕರೆದಳು. ಅವನು ಬರುವ ಹೊತ್ತಿಗೆ ಉಸಿರಿರಲಿಲ್ಲ. ಅಯ್ಯನವರು ಬಂದು ನೋಡಿ ಕೈಮುಗಿದರು. ಬೆಟ್ಟದ ಗವಿಯಲ್ಲಿ ತಪಸ್ಸಿಗೆ ಕೂತಿದ್ದ ಯಾರೋ ಹಿರಿಯರು, ಲಿಂಗ ಹಿಡಿದೇ ಐಕ್ಯರಾಗಿದ್ದಾರೆ ಎಂದರು. ಕೈಗೆ ಆರು ಬೆರಳಿದ್ದದ್ದನ್ನು ಎಲ್ಲರೂ ನೋಡಿದರು. ಅಂಥವರಿಗೆ ಇರಬಹುದು ಎಂದುಕೊಂಡರು.

ಪೊಲೀಸಿಗೆ ಹೇಳಲಿಲ್ಲ. ಶಾಂತಮೂರ್ತಿಯ ಹೊಲಕ್ಕೂ ಕಾಡಿಗೂ ನಡುವೆ ಗಡಿ ಎಂದರೆ ಆ ಹುಣಸೆ ಮರ ಒಂದೇ. ಪೊಲೀಸರು ಬಂದರೆ ಹಿಂದೆಯೇ ಟೇಪು ಹಿಡಿದು ಅಳೆಯುವ ಅರಣ್ಯದವರೂ ಬರುತ್ತಾರೆ. ಸಂಜೆಯೊಳಗೆ ಉಪ್ಪು, ವಿಭೂತಿ, ಬಿಲ್ವಪತ್ರೆ ಹಾಕಿ ಕೂರಿಸಿ ಮುಚ್ಚಿಬಿಟ್ಟರು. ಮೇಲೆ ಒಂದು ಗದ್ದುಗೆ ಕಟ್ಟಿಸುವುದೆಂದು ಶಾಂತಮೂರ್ತಿ ಕೊಳ್ಳೇಗಾಲದಲ್ಲಿ ಕಲ್ಲಿಗೆ ಹೇಳಿಯೂ ಬಂದಿದ್ದ.

ಇವತ್ತು, ಬುಧವಾರ ಬೆಳಿಗ್ಗೆ, ಷಡಕ್ಷರಿ ಬಂದು, ಹೇಳದೆ ಹೆಣ ಹೂತದ್ದು ಎಂಥ ಕೇಸು ಎಂದು ಅವನಿಗೆ ಮೆತ್ತಗೆ ವಿವರಿಸಿದ. ಅದಕ್ಕೇ ಈಗ ಗುಂಡಿ ತೆರೆಯುತ್ತಿದ್ದದ್ದು.

ಷಡಕ್ಷರಿ ಒಂದು ಕಾಲದಲ್ಲಿ ಹೆಡ್ ಕಾನ್‌ಸ್ಟೇಬಲ್. ಹಿಡಿದಿಟ್ಟ ಗಂಧದ ಕೊರಡು ಅವನ ಕಾವಲಿನಲ್ಲಿ ಕರಗಿತೆಂದು ಕೆಲಸ ಹೋಯಿತು. ಆಮೇಲೆ ಹನೂರು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ರೂಮು ಹಿಡಿದು, ಹೆಂಡತಿಯೊಡನೆ ಅಲ್ಲೇ ಇದ್ದುಕೊಂಡು, ಕಳೆದ ಎತ್ತು, ಕಳೆದ ಬೈಕು, ಓಡಿಹೋದ ಹೆಣ್ಣು ಗಂಡು ಹುಡುಕಿಕೊಡುವುದೇ ಬದುಕಾಯಿತು. ಕಳೆದವನಿಂದಲೂ ತೆಗೆದುಕೊಳ್ಳುತ್ತಿದ್ದ, ಕದ್ದವನಿಂದಲೂ ತೆಗೆದುಕೊಳ್ಳುತ್ತಿದ್ದ. ಕಳೆದದ್ದರ ಬಗ್ಗೆ ನೂರು ಪ್ರಶ್ನೆ ಕೇಳುವನು. ಕೆಲಸ ಕೊಟ್ಟವನ ಬಗ್ಗೆ ಒಂದೂ ಕೇಳುವುದಿಲ್ಲ. ಅದು ಅವನ ಪದ್ಧತಿ.

ತಲೆ ಕಾಣಿಸಿತು. ನಂತರ ಭುಜ. ಪುಟ್ಟಸಿದ್ದಯ್ಯ ಉಪ್ಪನ್ನು ಬೊಗಸೆಯಲ್ಲಿ ತೆಗೆದು ಪಕ್ಕಕ್ಕೆ ಹಾಕುತ್ತಿದ್ದ.

ಎದೆ ಕಾಣುವ ಮುಂಚೆಯೇ ಕಂಬಳಿಯದು ಗುಂಡಿಗೆ ಇಳಿಯಿತು. ಇಳಿದದ್ದು ಗೊತ್ತೇ ಆಗಲಿಲ್ಲ, ಅಷ್ಟು ಹಗುರ. ತನ್ನ ಜೊತೆಯವನ ಹೆಣ ಇದು ಎಂದು ಷಡಕ್ಷರಿಗೆ ಹೇಳಿತ್ತು. ಆದರೆ ಮುಖದ ಮಣ್ಣನ್ನು ಒರೆಸಲಿಲ್ಲ. ನೇರ ಎಡಗೈಗೆ ಕೈಹಾಕಿತು. ಬಿಳಿ ಬಟ್ಟೆ ಸುತ್ತಿ ಕಟ್ಟಿದ್ದ ಅಂಗೈಯನ್ನು ಬಿಚ್ಚಿ, ಒಳಗಿದ್ದದ್ದನ್ನು ಎತ್ತಿ ಬೆಳಕಿಗೆ ಹಿಡಿಯಿತು.

"ಇದಲ್ಲ ಸಾ," ಎಂದಿತು. "ಇದು ಬರೀ ಕಲ್ಲು."

ಅಯ್ಯನವರು ತಟ್ಟನೆ ತಿರುಗಿದರು. ಐಕ್ಯರಾದವರ ಕೈಯ ಲಿಂಗ ಮುಟ್ಟಬಾರದು, ಇಟ್ಟುಬಿಡಿ ಎಂದು ಬೇಡಿಕೊಂಡರು. ಷಡಕ್ಷರಿ ಅದನ್ನು ತನ್ನ ಕೈಗೆ ತೆಗೆದುಕೊಂಡ. ಅವನೂ ಲಿಂಗವಂತನೇ. ಇಷ್ಟಲಿಂಗ ಕಂಡರೆ ಗುರುತು ಸಿಗದವನಲ್ಲ. ಲಿಂಗದ ಮೇಲೆ ಮೆತ್ತಿದ ಕಪ್ಪು ಕಂತಿ ಸವೆದು ನುಣುಪಾಗಿತ್ತು. ಬಹಳ ವರ್ಷ ದಿನಾ ಬೆಳಿಗ್ಗೆ ಯಾರದೋ ಅಂಗೈಯಲ್ಲಿ ಪೂಜೆಗೊಂಡ ಲಿಂಗ ಅದು.

ಅಂದರೆ ಹುಣಸೆ ಮರದಡಿ ಇದ್ದ ಕರಿಯ ಗುಂಡು ಬೇರೆ. ಗುಂಡಿಗೆ ಹೋದದ್ದು ಬೇರೆ. ನಡುವೆ ಯಾರೋ ಬದಲಾಯಿಸಿದ್ದಾರೆ.

ಆ ಕೈಯನ್ನು ಮುಟ್ಟಿದವರು ಯಾರ್ಯಾರು ಎಂದು ಕೇಳಿದ. ಶಾಂತಮೂರ್ತಿ ಮತ್ತು ಅಯ್ಯನವರು ಹೊತ್ತುಕೊಂಡು ಬಂದವರು. ಪುಟ್ಟಮಲ್ಲಮ್ಮ ಅಂಗೈಗೆ ವಿಭೂತಿ ಹಚ್ಚಿ ಬಟ್ಟೆ ಸುತ್ತಿದವಳು. ಪುಟ್ಟಸಿದ್ದಯ್ಯ ಗುಂಡಿಯೊಳಗೆ ನಿಂತು ಇಳಿಸಿಕೊಂಡವನು.

"ಒಳುಗ್ ಒಬ್ನೇ ಇದ್ದೋನು ಅವ್ನೇ ಕಣಪ್ಪ," ಎಂದ ಶಾಂತಮೂರ್ತಿ, ಗುಂಡಿಯ ಕಡೆ ಗಲ್ಲ ಎತ್ತಿ.

ಷಡಕ್ಷರಿಯ ಮನಸ್ಸೂ ಮೊದಲು ಅತ್ತಲೇ ಹೋಯಿತು. ಠಾಣೆಯಲ್ಲಿ ಇಪ್ಪತ್ತು ವರ್ಷ ಇದ್ದವನ ಮನಸ್ಸು. ಗುಂಡಿ ತೋಡಿದವನನ್ನು ಮೊದಲು ಹಿಡಿ ಎಂದು ಕಲಿತದ್ದು.

ಪುಟ್ಟಸಿದ್ದಯ್ಯ ಮೈಯ ಮಣ್ಣು ಕೊಡವಿಕೊಂಡು ಮೇಲೆ ಹತ್ತಿ ಬಂದ. ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

"ನಾನು ಎತ್ಕಂಡೆ ಅಂತ್ಲೇ ಇಟ್ಕಳಿ ಬುದ್ಧಿ. ಬದ್ಲಿಗೆ ಮಡುಗೋಕೆ ನಿಮ್ ಲಿಂಗ ನನುಗ್ ಯಾರ್ ಕೊಟ್ರು? ನಾನೇನ್ ಕೊರ್ಳಿಗ್ ಕಟ್ಕಂಡಿದ್ನಾ?"

ಸರಿಯಾದ ಮಾತು. ಬದಲಿಗೆ ಲಿಂಗ ಇಟ್ಟವರು ಲಿಂಗ ಇದ್ದವರೇ ಆಗಿರಬೇಕು.

ಅಷ್ಟರಲ್ಲಿ ಗುಂಡಿಯಲ್ಲಿ ಹೆಣದ ಎದೆಯ ಮೇಲಿನ ವಿಭೂತಿ ಗಟ್ಟಿ ಕಳಚಿ ಬಿತ್ತು. ಎದೆಯ ನಡುವೆ ನಾಲ್ಕಾಣೆ ಬಿಲ್ಲೆಯಷ್ಟು ಅಗಲದ ಒಂದು ತೂತು. ಅಂಚು ಸುಟ್ಟು ಕರಿಕಾಗಿತ್ತು. ಅಯ್ಯನವರು ತಲೆ ತಗ್ಗಿಸಿದರು. ಸೋಮವಾರವೇ ನೋಡಿದ್ದೆ, ಹಳೆಯ ಹುಣ್ಣೆಂದು ವಿಭೂತಿ ಮೆತ್ತಿದೆ ಎಂದರು.

ಹುಣ್ಣಲ್ಲ. ಕೊಲೆ.

ಷಡಕ್ಷರಿಗೆ ಅದಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಅಂಥದೇ ದುಂಡನೆಯ ಗುರುತನ್ನು ಅವನು ಬೆಳಿಗ್ಗೆಯೇ ಇನ್ನೊಂದು ಕಡೆ ನೋಡಿದ್ದ. ಅದು ತೂತಾಗಿರಲಿಲ್ಲ, ಬರೀ ಕರಿಯ ಕಲೆ. ಅವನ ಹೆಂಡತಿಯ ಬೆನ್ನಿನ ಮೇಲೆ.

ಆ ಯೋಚನೆಯನ್ನು ಅವನು ಮುಂದಕ್ಕೆ ಬಿಡಲಿಲ್ಲ. ಗುಂಡಿ ಮುಚ್ಚಲು ಹೇಳಿ, ಹಿಪ್ಪುನೇರಳೆ ತೋಟದ ಪಕ್ಕ ನಿಲ್ಲಿಸಿದ್ದ ಓಮ್ನಿ ವ್ಯಾನಿನ ಕಡೆ ನಡೆದ. ಕಂಬಳಿಯದು ಹಿಂದೆ ಬಂತು.

ವ್ಯಾನಿನ ಹಿಂದಿನ ಸೀಟಿನಲ್ಲಿ ಸೌಮ್ಯ ದಿಂಬಿಗೆ ಒರಗಿ ಕೂತಿದ್ದಳು. ಅವಳದು ಯಳಂದೂರು ಕಡೆ. ಎರಡೂ ಕಿಡ್ನಿ ಹೋಗಿ ಎರಡು ವರ್ಷ. ವಾರಕ್ಕೆ ಎರಡು ಸಲ ಕೊಳ್ಳೇಗಾಲಕ್ಕೆ ಕರೆದೊಯ್ದು ಡಯಾಲಿಸಿಸ್ ಮಾಡಿಸಿ, ಬಟ್ಟೆ ಹಿಂಡಿದ ಹಾಗಿದ್ದ ಹೆಂಡತಿಯನ್ನು ಎತ್ತಿಕೊಂಡು ವಾಪಸ್ ತರುವುದೇ ಷಡಕ್ಷರಿಯ ದಿನಚರಿಯಾಗಿತ್ತು. ಇನ್ನು ಮಳೆಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಅವನನ್ನು ಹೊರಗೆ ಕರೆದು ಹೇಳಿದ್ದರು.

ನಿನ್ನೆ ಮಧ್ಯಾಹ್ನ ಕಂಬಳಿಯದು ಅವನ ರೂಮಿಗೆ ಬಂದದ್ದು ಅಂಥ ಹೊತ್ತಿನಲ್ಲಿ. ಬಾಗಿಲಲ್ಲಿ ನಿಂತು ಸಾ ಎಂದು ಕರೆದಾಗ ಷಡಕ್ಷರಿ ಮುಖ ನೋಡದೆ, ಬಾ ಮಾದು ಎಂದಿದ್ದ. ಪಾಲಾರ್ ಚೆಕ್‌ಪೋಸ್ಟಿನಲ್ಲಿದ್ದ ಕಾಲದಿಂದ ಅವನಿಗೆ ಮೀನು ತಂದುಕೊಡುತ್ತಿದ್ದ ಗೋಪಿನಾಥಂನ ಮಾದು. ಅರ್ಧ ತಮಿಳು ಅರ್ಧ ಕನ್ನಡದ ಅದೇ ಒಡಕು ದನಿ. ತಲೆಯೆತ್ತಿ ನೋಡಿದರೆ ಮಾದು ಅಲ್ಲ.

ಅದು ಸುತ್ತುಬಳಸಲಿಲ್ಲ. ತಾನು ಆಕಾಶದ ಮೇಲಿನವನು, ತನ್ನ ಜೊತೆಯವನು ಒಂದು ವಸ್ತು ಕದ್ದು ಇತ್ತ ಬಂದ, ಜಾಡು ಕೌದಳ್ಳಿಯ ಹೊಲದಲ್ಲಿ ನಿಂತಿದೆ, ಹುಡುಕಿಕೊಡಬೇಕು ಎಂದಿತು. ಮಂಚದ ಮೇಲಿದ್ದ ಸೌಮ್ಯಳನ್ನು ನೋಡಿ, ಹತ್ತಿರ ಹೋಗಿ, ಬೆನ್ನಿನ ಮೇಲೆ ಒಂದು ಬೆರಳಿಟ್ಟಿತು. ಸಂಜೆಗೆ ಸೌಮ್ಯ ಎಷ್ಟೋ ತಿಂಗಳ ಮೇಲೆ ತಾನೇ ಎದ್ದು ಬಚ್ಚಲಿಗೆ ಹೋಗಿ ಬಂದಳು. ಕಾಲಿನ ಬಾವು ಇಳಿದಿತ್ತು. ಅರ್ಧ ಈಗ, ಅರ್ಧ ವಸ್ತು ಸಿಕ್ಕ ಮೇಲೆ ಎಂದಿತು ಅದು.

ಮಾದುವಿನ ದನಿ ನಿನಗೆ ಹೇಗೆ ಬಂತು ಎಂದು ಷಡಕ್ಷರಿ ಕೇಳಬಹುದಿತ್ತು. ಕೇಳಲಿಲ್ಲ.

ಈಗ ಸೌಮ್ಯಳ ಮುಖದಲ್ಲಿ ರಕ್ತ ಆಡುತ್ತಿತ್ತು. ಅವನು ಗುಂಡಿಯ ಹತ್ತಿರ ಇದ್ದಾಗ ತಾನೊಬ್ಬಳೇ ಪಂಪ್‌ಹೌಸಿನ ತನಕ ನಡೆದುಹೋಗಿ ಮುಖ ತೊಳೆದುಕೊಂಡು ಬಂದೆ ಎಂದಳು. ಇದು ಮುಗಿದರೆ ಹಾಗೇ ಬೆಟ್ಟಕ್ಕೆ ಹೋಗಿ ಮಾದಪ್ಪನಿಗೆ ಕೈಮುಗಿದು ಬರೋಣ ಎಂದಳು. ಬೆಳಿಗ್ಗೆ ಬರುವಾಗ ದಾರಿಯುದ್ದಕ್ಕೂ ಅವಳು ಕಂಬಳಿಯದನ್ನು ಮಾತಾಡಿಸುತ್ತಲೇ ಬಂದಿದ್ದಳು. ಮನೆಯಲ್ಲಿ ಮಲಗಿ ಮಲಗಿ ಮಾತಿಗೆ ಹಸಿದವಳು.

ಅದು ಹೇಳಿದ್ದನ್ನು ಷಡಕ್ಷರಿಯೂ ಗಾಡಿ ಓಡಿಸುತ್ತ ಕೇಳಿಸಿಕೊಂಡಿದ್ದ. ನಕ್ಷತ್ರಗಳ ನಡುವೆ ಈ ಬೆಟ್ಟಸಾಲಿನಷ್ಟು ಉದ್ದದ ಹಡಗುಗಳಿವೆಯಂತೆ. ಎರಡು ಕುಲಗಳ ನಡುವೆ ಯುದ್ಧ. ಯಾವಾಗ ಶುರುವಾಯಿತೆಂದು ಎರಡೂ ಕಡೆಯವರಿಗೆ ಮರೆತಿದೆ. ಭೂಮಿಯಂಥ ಭೂಮಿಗಳೇ ಸುಟ್ಟು ಬೂದಿಯಾಗಿ ಕತ್ತಲಲ್ಲಿ ಸುತ್ತುತ್ತಿವೆ. ಕದ್ದು ತಂದ ಕರಿಯ ಗುಂಡು ಆ ಹಡಗುಗಳ ಬೀಗದ ಕೈ. ಅದು ಯಾರ ಕೈಯಲ್ಲಿದೆಯೋ ಹಡಗುಗಳೆಲ್ಲ ಅವರ ಮಾತು ಕೇಳುತ್ತವೆ.

ನೀನು ಒಳ್ಳೆಯವರ ಕಡೆಯಾ, ಕೆಟ್ಟವರ ಕಡೆಯಾ ಎಂದು ಸೌಮ್ಯ ಕೇಳಿದ್ದಳು.

"ಆಮಾ," ಎಂದಿತ್ತು ಅದು.

ಹೌದು ಎನ್ನುವುದಕ್ಕೆ ಮಾದು ಹಾಗೆಯೇ ಅನ್ನುತ್ತಿದ್ದದ್ದು. ಸೌಮ್ಯಳಿಗೆ ನಗು ತಡೆಯಲಾಗಲಿಲ್ಲ. ಆವತ್ತು ಬೆಳಿಗ್ಗೆಯಿಂದ ಗಂಡ ಏನು ಕೇಳಿದರೂ ಅವಳದೂ ಅದೇ ಉತ್ತರ. ಮಾತ್ರೆ ತಗೊಂಡ್ಯಾ ಎಂದರೆ ಆಮಾ. ಬಿಸಿಲಾಗ್ತಿದ್ಯಾ ಎಂದರೆ ಆಮಾ. ಅಂದು, ಕೈಯಿಂದ ಬಾಯಿ ಮುಚ್ಚಿಕೊಂಡು ನಗುವಳು. ಎರಡು ವರ್ಷದಿಂದ ಆ ನಗು ಷಡಕ್ಷರಿಯ ಕಿವಿಗೆ ಬಿದ್ದಿರಲಿಲ್ಲ.

ಅವನು ಊರೊಳಕ್ಕೆ ಹೋಗಿಬರುತ್ತೇನೆ ಎಂದ. ನೀವು ಹುಡುಕಿ ಸಾ, ನಾನು ಅಮ್ಮನ ಹತ್ತಿರ ಇರ್ತೀನಿ, ಉಳಿದರ್ಧ ಶುರು ಮಾಡ್ತೀನಿ ಎಂದಿತು ಕಂಬಳಿಯದು. ಷಡಕ್ಷರಿ ಒಂದು ಗಳಿಗೆ ವ್ಯಾನಿನ ಬಾಗಿಲು ಹಿಡಿದು ನಿಂತ. ಸುಟ್ಟ ಅಂಚಿನ ತೂತು ಕಣ್ಣಮುಂದೆ ಬಂತು.

"ಓಗ್ಬನ್ರೀ," ಎಂದಳು ಸೌಮ್ಯ. "ನಂಗೇನಾಗ್ಯದೆ ಈಗ."

ಅವನು ಹೋದ.

ಶಾಂತಮೂರ್ತಿಯ ಮನೆಗೆ ಹೋಗಿ ಹೊಟ್ಟೆ ಹಸಿದಿದೆ ಎಂದ. ಹೊಲದಲ್ಲಿ ಎಂಥ ಹೊಲಸು ನಡೆದಿದ್ದರೂ ಊಟದ ಹೊತ್ತಿಗೆ ಬಂದವನನ್ನು ಆ ಮನೆಯಲ್ಲಿ ವಾಪಸ್ ಕಳಿಸುವುದಿಲ್ಲ. ಅಯ್ಯನವರೂ ಕೂತರು.

ಅವನಿಗೆ ಬೇಕಿದ್ದದ್ದು ಊಟವಲ್ಲ.

ಲಿಂಗ ಕಳೆದುಕೊಂಡವರು ಮತ್ತೆ ಗುರುವಿನಿಂದ ಲಿಂಗ ಪಡೆಯುವವರೆಗೆ ಅನ್ನ ನೀರು ಮುಟ್ಟಬಾರದು. ಈಗ ಅದನ್ನೆಲ್ಲ ನಡೆಸುವವರು ಕಡಿಮೆ. ಷಡಕ್ಷರಿಯ ಲಿಂಗವೇ ಅದನ್ನಿಡುವ ಕರಡಿಗೆಯಿಂದ ತಿಂಗಳುಗಟ್ಟಲೆ ಹೊರಗೆ ಬರುತ್ತಿರಲಿಲ್ಲ. ಆದರೆ ಗುಂಡಿಯಲ್ಲಿ ಸಿಕ್ಕ ಲಿಂಗ ಅಂಥವರದಲ್ಲ. ಅಷ್ಟು ಸವೆಯುವಷ್ಟು ಪೂಜೆ ಮಾಡಿದವರು ಈ ನೇಮ ಬಿಡುವವರಲ್ಲ. ಬದಲಿಗೆ ತಮ್ಮದನ್ನೇ ಇಟ್ಟು ಬಂದವರು ಸೋಮವಾರದಿಂದ ಉಪವಾಸ ಇರಬೇಕು.

ಅಯ್ಯನವರು ಕೈಕಾಲು ತೊಳೆದು ಬಂದು ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಶಾಂತಮೂರ್ತಿ ಅಂಗಿಯೊಳಗಿನ ಕರಡಿಗೆ ತೆಗೆದು ಅವಸರದಲ್ಲಿ ಕೈಮುಗಿದು ಮುದ್ದೆಗೆ ಕೈಹಾಕಿದ. ಪುಟ್ಟಮಲ್ಲಮ್ಮ ಬಡಿಸುತ್ತಿದ್ದಳು. ಐವತ್ತೈದು ದಾಟಿದ ಗಟ್ಟಿ ಹೆಂಗಸು. ತುಟಿ ಒಣಗಿ ಬಿರಿದಿತ್ತು. ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಷಡಕ್ಷರಿ, ಅಕ್ಕನದು ಊಟ ಆಯಿತೇ ಎಂದು ವಿಚಾರಿಸಿದ. ಅವಳು ಮಾದಪ್ಪನಿಗೆ ಹರಕೆ ಹೊತ್ತಿದ್ದಾಳೆ, ಸೋಮವಾರದಿಂದ ಒಂದು ತುತ್ತಿಲ್ಲ ಎಂದು ಗಂಡನೇ ಹೇಳಿದ. ಹೆಮ್ಮೆಯೂ ಇತ್ತು ಆ ಮಾತಿನಲ್ಲಿ.

ಷಡಕ್ಷರಿ ತನ್ನ ಲೋಟವನ್ನು ಅವಳ ಕಡೆ ಸರಿಸಿ, ಒಂದು ಗುಟುಕು ನೀರು ಕುಡಿದು ಬಡಿಸಿ ಎಂದ. ಮಾದಪ್ಪನ ಹರಕೆಯಲ್ಲಿ ನೀರು ಕುಡಿಯಬಾರದು ಎಂದು ಯಾರೂ ಹೇಳಿದ್ದಿಲ್ಲ.

ಪುಟ್ಟಮಲ್ಲಮ್ಮ ಲೋಟವನ್ನು ನೋಡಿದಳು. ನಂತರ ಅವನನ್ನು ನೋಡಿದಳು. ಸೆರಗನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. ಎಳೆದುಕೊಳ್ಳುವ ಮುಂಚೆ ಅವನು ನೋಡಿಯಾಗಿತ್ತು. ಕೊರಳಲ್ಲಿ ತಾಳಿ ಇತ್ತು. ಲಿಂಗ ಕಟ್ಟುವ ಶಿವದಾರ ಇರಲಿಲ್ಲ.

ಹುಳುವಿಗೆ ಸೊಪ್ಪು ಹಾಕಬೇಕು ಎಂದು ಅವಳು ಹಿತ್ತಲಿಗೆ ಹೊರಟಳು. ಷಡಕ್ಷರಿ ಅರ್ಧಕ್ಕೆ ಕೈತೊಳೆದು ಎದ್ದ.

ಹುಳುಮನೆ ಎಂದರೆ ಹಿತ್ತಲ ಆಚೆ, ತೋಟದ ಅಂಚಿಗೆ ಕಟ್ಟಿದ ಒಂದು ಉದ್ದನೆಯ ಕೋಣೆ. ಕಿಟಕಿಗಳಿಗೆ ನೊಣ ಬಾರದ ಹಾಗೆ ಬಲೆ. ಹೊಸ್ತಿಲಲ್ಲಿ ಸುಣ್ಣದ ಪುಡಿ. ಒಳಗೆ ಬೆಚ್ಚಗೆ, ಮಂಕು ಬೆಳಕು. ಸಾಲು ಸಾಲು ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು, ದೂರದಲ್ಲಿ ಮಳೆ ಬಿದ್ದ ಹಾಗೆ.

ಅವನು ಬಾಗಿಲು ಹಾಕಿ ಚಿಲಕ ಸರಿಸಿದ. ಗುಂಡಿಯಲ್ಲಿ ಸಿಕ್ಕ ಲಿಂಗವನ್ನು ಜೇಬಿನಿಂದ ತೆಗೆದು, ಸೊಪ್ಪಿನ ಬುಟ್ಟಿಯ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟ.

"ನಿಮ್ದು, ಅಕ್ಕ."

ಅವಳು ಅಲ್ಲ ಎನ್ನಲಿಲ್ಲ. ಬಗ್ಗಿ ಲಿಂಗಕ್ಕೆ ಹಣೆ ಮುಟ್ಟಿಸಿದಳು. ಎತ್ತಿಕೊಳ್ಳಲಿಲ್ಲ.

"ಎಣದ್ ಕೈಗ್ ಕೊಟ್ಟುದ್ದು. ವಾಪಸ್ ಎಂಗ್ ಈಸ್ಕಳ್ಳಿ?"

"ಆ ಕರೀದು ಎಲ್ಲದೆ?"

ಅವಳು ಸೊಪ್ಪು ಹರಡುತ್ತ ಹೋದಳು. ಷಡಕ್ಷರಿ ಪೊಲೀಸಿನವನ ದನಿಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿದ. ಅದು ಲಿಂಗವಲ್ಲ, ಯಾವುದೋ ಹಡಗಿನ ಬೀಗದ ಕೈ, ಅದರ ಯಜಮಾನ ಹೊರಗೆ ಕಾಯುತ್ತಿದ್ದಾನೆ, ಕೊಡದಿದ್ದರೆ ಈ ಮನೆಯನ್ನೂ ಹೊಲವನ್ನೂ ಏನು ಮಾಡುತ್ತಾನೋ ಗೊತ್ತಿಲ್ಲ ಎಂದ. ಕೊನೆಗೆ ಆ ದನಿ ತಾನಾಗಿ ಇಳಿಯಿತು. ಹೆಂಡತಿಯ ವಿಷಯ ಹೇಳಿದ. ಡಾಕ್ಟರು ಹೊರಗೆ ಕರೆದು ಹೇಳಿದ್ದು, ಬೆನ್ನಿನ ಮೇಲೆ ಇಟ್ಟ ಬೆರಳು, ಪಂಪ್‌ಹೌಸಿನ ತನಕ ನಡೆದದ್ದು.

"ಅರ್ಧ ವಾಸಿ ಮಾಡ್ಯದೆ. ಇನ್ನರ್ಧ ಅದು ಸಿಕ್ಕಿದ್ರೆ. ನಂಗ್ ಬೇರೆ ದಾರಿ ಇಲ್ಲ ಅಕ್ಕ."

ಪುಟ್ಟಮಲ್ಲಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು.

"ಬೀಗದ್ ಕೈ ಅಂತಾ ಏಳ್ತಾ?"

"ಹೂಂ."

"ನಾನು ಸಣ್ಣುಡ್ಗೀಲಿಂದ ರೇಷ್ಮೆ ಮೊಟ್ಟೆ ನೋಡ್ಕಂಡ್ ಬಂದೋಳು ಕಣಪ್ಪ. ಉಳ ಒಡ್ಯೋ ಇಂದುಲ್ ದಿನ ಮೊಟ್ಟೆ ನೀಲಿಗ್ ತಿರುಗ್ತದೆ. ಅದೂ ತಿರುಗಿತ್ತು. ಬಟ್ಟೆ ಸುತ್ತುವಾಗ ನನ್ ಕೈಯಾಗೆ ಅಳ್ಳಾಡ್ತು. ಜೀವ ಇರೋದ್ನ ಮಣ್ಣಿಗ್ ಎಂಗಾಕ್ಲಿ?"

ಅಂಗೈ ಬರಿದಾಗಿದ್ದರೆ ಅ‌ಯ್ಯನವರು ಹುಡುಕುತ್ತಿದ್ದರು. ಅದಕ್ಕೇ ತನ್ನದನ್ನು ಬಿಚ್ಚಿ ಇಟ್ಟಳು. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಹೆದರಿ ಎರಡನ್ನೂ ಹೂಳುತ್ತಿದ್ದ.

ಇನ್ನೊಂದು ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಅದನ್ನು ಈಗ, ತಟ್ಟೆಗಳ ನಡುವೆ ನಿಂತು, ಸಣ್ಣ ದನಿಯಲ್ಲಿ ಹೇಳಿದಳು. ಸೋಮವಾರ ಹುಣಸೆ ಮರದಡಿ ಅವಳು ನೋಡಿದಾಗ ಅದಕ್ಕೆ ಇನ್ನೂ ಜೀವವಿತ್ತು. ಮಾತಾಡಿತು. ಪುಟ್ಟಮಲ್ಲಿ ಎಂದು ಹೆಸರು ಹಿಡಿದು ಕರೆಯಿತು. ಯುಗಾದಿಯ ಹಿಂದೆಮುಂದೆ ತೀರಿಕೊಂಡ ಅವಳ ಅತ್ತೆಯ ದನಿ ಅದು.

ಅವಳು ಸೊಪ್ಪಿನ ಬುಟ್ಟಿ ಬಿಟ್ಟು ಹಿಂದೆ ಸರಿದಳು. ಹೆದರಬೇಡ, ನಮಗೆ ನಮ್ಮದೇ ಎಂಬ ದನಿಯಿಲ್ಲ ಎಂದಿತಂತೆ. ಯಾವ ನೆಲಕ್ಕೆ ಇಳಿದರೂ ಅಲ್ಲಿ ಸತ್ತವರ ದನಿಯನ್ನು ಎತ್ತಿಕೊಂಡು ಮಾತಾಡುತ್ತೇವೆ, ಬದುಕಿರುವವರ ದನಿ ನಮಗೆ ಹತ್ತುವುದಿಲ್ಲ ಎಂದಿತಂತೆ. ನನ್ನ ಬೆನ್ನು ಹತ್ತಿದವನು ನಮ್ಮ ಕುಲದ ಮೊಟ್ಟೆಗಳ ಮನೆಯನ್ನೇ ಸುಟ್ಟವನು, ಉಳಿದದ್ದು ಇದೊಂದೇ ಎಂದೂ ಹೇಳಿತಂತೆ.



"ಅದ್ನೂ ದೇವ್ರು ಅಂತ ನಾ ಅನ್ನಾಕಿಲ್ಲ," ಎಂದಳು ಪುಟ್ಟಮಲ್ಲಮ್ಮ. "ತಾನೂ ಒಂದ್ ಅಡಗಿನ್ ತುಂಬ ಜೀವ ಸುಟ್ ಬಂದೆ ಅಂತು. ಅಳ್ತಿತ್ತು. ನಮ್ಮತ್ತೆ ಅಳ್ತಿದ್ದಂಗೇ."

ಅವಳು ಮೂಲೆಯ ತಟ್ಟೆಗೆ ಕೈಹಾಕಿದಳು. ಸೊಪ್ಪಿನ ಕೆಳಗೆ, ಹುಳುಗಳ ಬಿಸಿಯಲ್ಲಿ, ಹಳೆ ಸೀರೆಯ ಚೂರಿನಲ್ಲಿ ಸುತ್ತಿಟ್ಟಿದ್ದದ್ದನ್ನು ತೆಗೆದಳು. ಕರಿಯ ಬಣ್ಣ ಹೋಗಿತ್ತು. ಸಂಜೆ ಆಕಾಶದ ನೀಲಿ. ಒಳಗೆ ಏನೋ ತಿರುಗಿ ಮಲಗಿದ್ದು ಮಸುಕಾಗಿ ಕಾಣುತ್ತಿತ್ತು.

ಷಡಕ್ಷರಿಯ ಕೈ ಮುಂದೆ ಹೋಯಿತು. ಕಿತ್ತುಕೊಳ್ಳುವ ಬಲ ಅವನಲ್ಲಿತ್ತು. ಅವಳು ನಿತ್ರಾಣವಾಗಿದ್ದಳು. ಕಿತ್ತುಕೊಂಡು ಹೋದರೆ ಸಂಜೆಗೆ ಸೌಮ್ಯ ಬೆಟ್ಟದ ಮೆಟ್ಟಿಲು ಹತ್ತುತ್ತಾಳೆ.

ಪುಟ್ಟಮಲ್ಲಮ್ಮ ಹಿಂದೆ ಸರಿಯಲಿಲ್ಲ. ಅವನ ಎಡಗೈಯನ್ನು ಹಿಡಿದು ಅಂಗೈ ಮೇಲೆ ಮಾಡಿ, ಲಿಂಗಧಾರಣೆಯ ದಿನ ಮಕ್ಕಳ ಕೈಯಲ್ಲಿ ಇಡುವ ಹಾಗೆ, ಅದನ್ನು ನಡುವಿಗೆ ಇಟ್ಟಳು.

"ನಾ ತಡ್ಯಾಕಿಲ್ಲ. ಒಂದ್ ಗಳ್ಗೆ ಇಡ್ಕಂಡಿರು. ಆಮೇಲ್ ಓಗಿ ಕೊಟ್ಬುಡು, ಕೊಡಂಗಿದ್ರೆ."

ಅದು ಬೆಚ್ಚಗಿತ್ತು. ಅಂಗೈಯ ನಡುವೆ ಮಿಡಿಯುತ್ತಿತ್ತು. ಮಕ್ಕಳಾಗದ ಮನೆ ಷಡಕ್ಷರಿಯದು. ಹಾಗೆ ಮಿಡಿಯುವುದನ್ನು ಅವನು ಕೈಯಲ್ಲಿ ಹಿಡಿದವನಲ್ಲ.

ಅವಳು ಅವನ ಮುಖವನ್ನೇ ನೋಡುತ್ತ ಕೇಳಿದಳು.

"ಒರುಗ್ ಇರೋದು ಯಾರ್ ದನೀಲಿ ಮಾತಾಡ್ತದಪ್ಪ?"

"ಮಾದುಂದು. ಗೋಪಿನಾಥಂ ಮೀನ್ ಮಾದು."

"ಆ ಮಾದು ಈಗ ಎಲ್ಲವ್ನೆ?"

ಹೋದ ವಾರ ಮಾದು ಅವನಿಗೆ ಫೋನ್ ಮಾಡಿದ್ದ. ಹೊಳೆಯಲ್ಲಿ ಒಳ್ಳೆ ಮೀನು ಬೀಳುತ್ತಿದೆ, ತರುತ್ತೇನೆ ಎಂದಿದ್ದ. ತರಲಿಲ್ಲ. ಗುಂಡಿಯಲ್ಲಿ ಮುಖ ನೋಡದೆ ಅಂಗೈ ಬಿಚ್ಚಿದ ಕೈ, ಎದೆಯ ತೂತು, ಬೆನ್ನಿನ ಕಲೆ, ಎಲ್ಲ ಒಂದರ ಹಿಂದೆ ಒಂದು ಬಂದು ನಿಂತವು. ಅವು ಬೆಳಿಗ್ಗೆಯಿಂದಲೂ ಇದ್ದವು. ಅವನೇ ಸಾಲಾಗಿ ನಿಲ್ಲಲು ಬಿಟ್ಟಿರಲಿಲ್ಲ.

ಸೌಮ್ಯಳನ್ನು ಅದರ ಜೊತೆ ಬಿಟ್ಟು ಬಂದಿದ್ದ.

ಅವನು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟದ್ದೂ, ಹೊರಗಿನಿಂದ ಯಾರೋ ಬಾಗಿಲು ತಟ್ಟಿದ್ದೂ ಒಟ್ಟಿಗೇ ಆಯಿತು.

"ರೀ," ಎಂದಿತು ದನಿ. "ಸಿಕ್ತೇನ್ರೀ?"

ಸೌಮ್ಯ.

ಅವನ ಮೈ ಹಗುರಾಯಿತು. ತೋಟದ ಅಂಚಿನಿಂದ ಹುಳುಮನೆಗೆ ದೂರವೇನಿಲ್ಲ. ಪಂಪ್‌ಹೌಸಿಗೆ ನಡೆದವಳು ಇಲ್ಲಿಗೂ ನಡೆದಾಳು. ಬಲಗೈ ಚಿಲಕಕ್ಕೆ ಹೋಯಿತು.

ಎಡ ಅಂಗೈಯಲ್ಲಿ ಮಿಡಿಯುತ್ತಿದ್ದದ್ದು ತಟ್ಟನೆ ನಿಂತಿತು. ಬೇಟೆಯ ಸದ್ದಿಗೆ ಮೊಲದ ಮರಿ ಪೊದೆಯಲ್ಲಿ ಉಸಿರು ಹಿಡಿದು ಕೂರುತ್ತದಲ್ಲ, ಹಾಗೆ.

ಕಿಟಕಿಯ ಬಲೆಯಿಂದ ವ್ಯಾನು ಕಾಣುತ್ತಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಸೀಟಿನ ಮೇಲೆ ದಿಂಬಿತ್ತು. ಮೇಲೆ ಕಂಬಳಿ ಮುಚ್ಚಿತ್ತು. ಕಂಬಳಿಯ ಕೆಳಗೆ ಏನಾದರೂ ಇತ್ತೇ, ಬರೀ ಕಂಬಳಿಯೇ, ಮೋಡದ ಬೆಳಕಿನಲ್ಲಿ ತಿಳಿಯಲಿಲ್ಲ.

ಪುಟ್ಟಮಲ್ಲಮ್ಮ ತಲೆಯಾಡಿಸಿದಳು. ತೆರೆಯಬೇಡ ಎಂದು.

ಕೆಲಸ ಕೊಟ್ಟವರನ್ನು ಒಂದೂ ಪ್ರಶ್ನೆ ಕೇಳದೆ ಬದುಕಿದವನು ಷಡಕ್ಷರಿ. ಈಗ ಕೇಳಿದ.

"ಸೌಮ್ಯಾ... ನೀನೇ ನಡ್ಕಂಡ್ ಬಂದ್ಯಾ?"

ಹುಳುಗಳು ಮೇಯುವ ಸದ್ದು ಮಾತ್ರ.

"ಆಮಾ," ಎಂದಿತು ಸೌಮ್ಯಳ ದನಿ.

ಷಡಕ್ಷರಿ ಚಿಲಕದ ಮೇಲೆ ಕೈಯಿಟ್ಟು ನಿಂತ. ಬೆಳಿಗ್ಗೆಯಿಂದ ಆ ಮಾತಿನ ಹಿಂದೆಯೇ ಬರುತ್ತಿದ್ದ ನಗುವಿಗಾಗಿ ಕಾದ.